ಗೋಧಿ ತಿನ್ನದ ಸೊಸೆ

ಕಾಯಿಲೆಯಿಂದ ಎದ್ದು ಬಂದವರು ಸಾಮಾನ್ಯವಾಗಿ ಎಲ್ಲರನ್ನೂ ನೆನೆದು ಕೈಮುಗಿಯುತ್ತಾರೆ. ನಾನು ನನ್ನ ಅಪ್ಪನಿಗೂ ಒಬ್ಬ ಡಾಕ್ಟರಿಗೂ ಕೈಮುಗಿದು ಅಲ್ಲಿಗೆ ನಿಲ್ಲಿಸುತ್ತೇನೆ. ಉಳಿದವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಅವರಲ್ಲಿ ಕೆಲವರು ಸತ್ತು ಎಷ್ಟೋ ವರ್ಷವಾಯಿತು, ಸಿಟ್ಟು ಮಾತ್ರ ಗಟ್ಟಿಮುಟ್ಟಾಗಿದೆ. ಮೊನ್ನೆ ನಮ್ಮ ಬೀದಿಯ ಹೆಣ್ಣುಮಗಳೊಬ್ಬಳು ಬಂದು, ತನಗೆ ಗೋಧಿ ಒಗ್ಗುವುದಿಲ್ಲ ಎಂದು ಡಾಕ್ಟರು ಹೇಳಿದರೂ ಮನೆಯಲ್ಲಿ ಒಬ್ಬರೂ ನಂಬುತ್ತಿಲ್ಲ ಎಂದು ಅತ್ತಳು. ಅವಳಿಗೆ ಕಾಫಿ ಕೊಟ್ಟು ಹೇಳಿದ ಕಥೆಯನ್ನೇ ಇಲ್ಲಿ ಬರೆಯುತ್ತಿದ್ದೇನೆ. ಅವಳಂಥವರು ಇನ್ನೂ ಇರಬಹುದು.

ನಾನು ಕೆಂಗೇರಿ ಪಕ್ಕದ ಹಳ್ಳಿಯ ರೈತನ ಮಗಳು. ಹೆಸರು ಜಯಮ್ಮ. ಮದುವೆಯಾಗುವವರೆಗೆ ಎರಡು ಹೊತ್ತೂ ಮುದ್ದೆ ತಿಂದು ಬೆಳೆದವಳು. ಗೋಧಿ ನಮ್ಮ ಮನೆಗೆ ಬರುತ್ತಿದ್ದುದು ಹಬ್ಬದ ಹೋಳಿಗೆಗೆ ಮಾತ್ರ. ಹೋಳಿಗೆ ತಿಂದ ಮಾರನೆಯ ದಿನ ನನಗೆ ಹೊಟ್ಟೆ ಕೆಡುತ್ತಿತ್ತು. ಆಸೆಬುರುಕಿ, ಜಾಸ್ತಿ ತಿಂದಿದ್ದಾಳೆ ಎಂದು ಅವ್ವ ಬಯ್ಯುತ್ತಿದ್ದಳು. ಅದಕ್ಕಿಂತ ಹೆಚ್ಚಾಗಿ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.

ಐವತ್ತರ ದಶಕ ಆಗಷ್ಟೇ ಶುರುವಾಗಿತ್ತು. ನನ್ನನ್ನು ಕೊಟ್ಟಿದ್ದು ರಾಜಾಜಿನಗರಕ್ಕೆ. ಬಡಾವಣೆ ಹೊಸದು; ನಾಲ್ಕು ಮನೆ, ಆಮೇಲೆ ಖಾಲಿ ನಿವೇಶನ, ಅದರಲ್ಲಿ ಲಂಟಾನ ಪೊದೆ, ಮತ್ತೆ ನಾಲ್ಕು ಮನೆ. ಅತ್ತೆಯ ಮನೆಯವರೂ ನಮ್ಮಂತೆ ಹೊಲ ಉತ್ತವರೇ. ಆದರೆ ಮಗ ಗಿರಣಿಯಲ್ಲಿ ಗುಮಾಸ್ತನಾಗಿ, ಪ್ಯಾಂಟು ಹಾಕಿ, ಹೆಂಚಿನ ಮನೆ ಸಿಕ್ಕ ಮೇಲೆ ಅತ್ತೆ ಮುದ್ದೆಯನ್ನು ಮನೆಯಿಂದ ಆಚೆ ಹಾಕಿದ್ದರು. ಅಕ್ಕಪಕ್ಕದಲ್ಲಿ ಮೇಷ್ಟ್ರು, ಪೋಸ್ಟ್ ಮಾಸ್ಟರು, ಹೈಕೋರ್ಟಿನ ಗುಮಾಸ್ತರು. ಅವರ ಕಿವಿಗೆ ನಮ್ಮ ಮನೆಯ ಮುದ್ದೆಯ ಸುದ್ದಿ ಬಿದ್ದರೆ ಮರ್ಯಾದೆ ಹೋಗುತ್ತದೆ ಎಂಬುದು ಅವರ ಭಯ. ಆಗ ಅಕ್ಕಿಗೆ ಬರ, ರೇಷನ್ನಿನಲ್ಲಿ ಗೋಧಿ ಧಾರಾಳ. ಎಲ್ಲರೂ ಮೂಗು ಮುರಿಯುತ್ತ ತಂದ ಗೋಧಿಯನ್ನು ಅತ್ತೆ ಮಾತ್ರ ಹೆಮ್ಮೆಯಿಂದ ತಂದರು. ಬೆಳಿಗ್ಗೆ ಗೋಧಿ ರವೆಯ ಉಪ್ಪಿಟ್ಟು, ಸಂಜೆ ಚಪಾತಿ.

ಮೂರು ತಿಂಗಳಿಗೆ ನಾನು ಸೊರಗಿದೆ. ದಿನಕ್ಕೆ ಆರೇಳು ಸಲ ಹಿತ್ತಿಲಿಗೆ ಓಡುವುದು, ತಲೆ ಸುತ್ತುವುದು, ಬಾಯೆಲ್ಲ ಹುಣ್ಣು. ಕೂದಲು ಹಿಡಿ ಹಿಡಿಯಾಗಿ ಬಾಚಣಿಗೆಗೆ ಬರುತ್ತಿತ್ತು. ಅತ್ತೆಗೆ ಆಗ ನನ್ನ ಮೇಲೆ ಕರುಣೆಯೇ ಬಂತು ಅನ್ನಬೇಕು. ನಮ್ಮ ಕಡೆ ಕಾಯಿಲೆಯವರಿಗೆ ಏನು ಕೊಡುತ್ತಾರೆ? ಬ್ರೆಡ್ಡು, ಹಾಲು. ಆರೋಗ್ಯವಾಗಿರುವವರು ಬ್ರೆಡ್ಡು ತಂದರೆ ಮನೆಯಲ್ಲಿ ಯಾರು ಮಲಗಿದ್ದಾರೆ ಎಂದು ಬೀದಿಯವರು ಕೇಳುತ್ತಿದ್ದ ಕಾಲ ಅದು. ಬಡಾವಣೆಯ ಡಾಕ್ಟರೂ ಅದನ್ನೇ ಹೇಳಿದರು. "ಹೊಟ್ಟೆ ಸೂಕ್ಷ್ಮ ಆಗಿದೆ. ಅನ್ನ ಕೂಡ ನಿಲ್ಲಿಸಿ. ಬ್ರೆಡ್ಡು, ಗೋಧಿ ಗಂಜಿ, ಅಷ್ಟೇ." ಯಜಮಾನರು ಗಿರಣಿಯಿಂದ ಬರುವಾಗ ದಿನಾ ಒಂದು ಬ್ರೆಡ್ಡು ತರುತ್ತಿದ್ದರು. ನಾನು ಹೆಚ್ಚು ಸೊರಗಿದಷ್ಟೂ ಹೆಚ್ಚು ಬ್ರೆಡ್ಡು ತಿನ್ನಿಸಿದರು. ಸಾಯುವಷ್ಟು ಪ್ರೀತಿಯಿಂದ ನೋಡಿಕೊಂಡರು ಎಂದು ನಾನು ಈಗಲೂ ಹಲ್ಲು ಕಡಿದುಕೊಂಡು ಹೇಳುತ್ತೇನೆ.

ಕೈಕಾಲು ಕಡ್ಡಿಯಾದವು, ಹೊಟ್ಟೆ ಮಾತ್ರ ಊದಿಕೊಂಡಿತು. ತಿಂಗಳ ಮುಟ್ಟೂ ನಿಂತಿತು. ಅತ್ತೆ ನನ್ನ ಹೊಟ್ಟೆಯನ್ನು ಒಂದು ದಿನ ಕಣ್ಣರಳಿಸಿ ನೋಡಿ, ಬೀದಿಗೆಲ್ಲ ಸಕ್ಕರೆ ಹಂಚಿಬಿಟ್ಟರು. "ಬಸುರಿಯ ಸುಸ್ತು ಕಣೇ ಇದು. ನಾನೂ ಹಿಂಗೇ ಇದ್ದೆ" ಅಂದರು. ನನಗೂ ನಂಬಿಕೆ ಬಂತು. ನಂಬಲು ಇಷ್ಟವಿತ್ತು. ಏಳನೆಯ ತಿಂಗಳೆಂದು ಲೆಕ್ಕ ಹಾಕಿ, ಹಸಿರು ಸೀರೆ ಉಡಿಸಿ, ಎರಡೂ ಕೈಗೆ ಹಸಿರು ಬಳೆ ತೊಡಿಸಿ, ಬೀದಿಯ ಹೆಂಗಸರನ್ನೆಲ್ಲ ಕರೆದು ಆರತಿ ಮಾಡಿದರು. ಆ ದಿನ ಮಡಿಲಿಗೆ ತುಂಬಿದ ಹಣ್ಣು ಕಾಯಿಯ ಭಾರಕ್ಕೇ ನಾನು ಮಣೆಯಿಂದ ಏಳಲಾರದೆ ಇಬ್ಬರು ಹಿಡಿದು ಎತ್ತಿದರು.

ಮುಂದಿನ ವಾರ ಹೆರಿಗೆ ಆಸ್ಪತ್ರೆಯಲ್ಲಿ ಲೇಡಿ ಡಾಕ್ಟರು ಕೈಯಿಟ್ಟು ನೋಡಿ, ಮತ್ತೊಮ್ಮೆ ನೋಡಿ, "ಇಲ್ಲಿ ಮಗು ಇಲ್ಲಮ್ಮ" ಅಂದರು.

ಅತ್ತೆ ದಾರಿಯುದ್ದಕ್ಕೂ ನನಗಿಂತ ನಾಲ್ಕು ಹೆಜ್ಜೆ ಮುಂದೆಯೇ ನಡೆದರು. ಮನೆಯ ಬಾಗಿಲು ಹಾಕಿಕೊಂಡ ಮೇಲೆ ಒಂದೊಂದೇ ಬಳೆಯನ್ನು ನನ್ನ ಕೈಯಿಂದ ತೆಗೆದರು. ತೆಗೆಯಲು ಕಷ್ಟವೇ ಆಗಲಿಲ್ಲ, ಕೈ ಅಷ್ಟು ಸಣ್ಣಗಿತ್ತು. "ಸುಳ್ಳು ಬಸುರಿ. ಬೀದಿಯವರ ಮುಂದೆ ನನ್ನ ಮಾನ ಕಳದ್ಬಿಟ್ಯಲ್ಲೇ" ಅಂದರು. ಬಸುರು ಎಂದು ಮೊದಲು ಹೇಳಿದವರು ಯಾರು ಎಂದು ನಾನು ಕೇಳಬೇಕಿತ್ತು. ಕೇಳಲಿಲ್ಲ. ನನಗಾಗ ಇಲ್ಲದ ಮಗುವಿಗಾಗಿ ಅಳುವುದೇ ಸಾಕಾಗಿತ್ತು.

ಅದಾಗಿ ಹದಿನೈದು ದಿನಕ್ಕೆ ನಮ್ಮ ಬಡಾವಣೆಯ ಮಹಿಳಾ ಸಮಾಜಕ್ಕೆ ಭಾಷಣದಮ್ಮ ಬಂದರು. ಹೆಸರು ಹೇಳುವುದಿಲ್ಲ, ಬೀದಿಯವರು ಕರೆಯುತ್ತಿದ್ದುದೇ ಹಾಗೆ. ಆಗ ಅವರ ಫೋಟೋ ಬರದ ಪತ್ರಿಕೆ ಇರಲಿಲ್ಲ. ಅಕ್ಕಿಯ ಆಸೆ ಬಿಡಿ, ಗೋಧಿ ತಿನ್ನಿ, ದೇಶ ಉಳಿಸಿ ಎಂದು ಊರೂರು ತಿರುಗಿ ಹೇಳುತ್ತಿದ್ದ ದೊಡ್ಡ ಹೆಂಗಸು. ನಮ್ಮತ್ತೆ ಅವರ ಫೋಟೋವನ್ನು ಪತ್ರಿಕೆಯಿಂದ ಕತ್ತರಿಸಿ ಗೋಡೆಗೆ ಅಂಟಿಸಿದ್ದರು. ಅವತ್ತು ವೇದಿಕೆಯ ಮೇಲೆ ಚಪಾತಿ ಮಾಡಿ ತೋರಿಸುವ ಕಾರ್ಯಕ್ರಮ. ಕೊನೆಗೆ ಎಲ್ಲರಿಗೂ ಒಂದೊಂದು ಹಂಚಿದರು. ನಾನು ಬೇಡವೆಂದೆ. ಅತ್ತೆ ಎದ್ದು ನಿಂತು ವೇದಿಕೆಗೆ ಕೇಳುವ ಹಾಗೆ, "ಅಮ್ಮಾವ್ರೇ, ಇವಳಿಗೆ ಸ್ವಲ್ಪ ಬುದ್ಧಿ ಹೇಳಿ. ಗೋಧಿ ಅಂದ್ರೆ ಮೂತಿ ತಿರುಗಿಸ್ತಾಳೆ" ಅಂದರು.

ಭಾಷಣದಮ್ಮ ನನ್ನನ್ನು ಮೇಲಕ್ಕೆ ಕರೆದರು. ಮೈಕಿನ ಮುಂದೆ ನಿಲ್ಲಿಸಿಕೊಂಡು, "ನೋಡಿ, ಇಂಥ ಹಠಮಾರಿ ಹೆಣ್ಣುಮಕ್ಕಳಿಂದಲೇ ದೇಶ ಹಿಂದೆ ಬಿದ್ದಿರೋದು. ನಾಲಿಗೆ ಚಪಲಕ್ಕೆ ಮೈ ಹಾಳುಮಾಡಿಕೊಂಡಿದ್ದಾಳೆ" ಎಂದು ಹೇಳಿ, ಚಪಾತಿ ಮುರಿದು ತಮ್ಮ ಕೈಯಾರೆ ನನ್ನ ಬಾಯಿಗಿಟ್ಟರು. ಎಲ್ಲರೂ ಚಪ್ಪಾಳೆ ಹೊಡೆದರು. ಉಳಿದ ಅರ್ಧವನ್ನು ಅವರು ತಮ್ಮ ತುಟಿಗೆ ಮುಟ್ಟಿಸಿ, ಪಕ್ಕದವರ ತಟ್ಟೆಗೆ ಜಾರಿಸಿದ್ದನ್ನು ಅಷ್ಟು ಹತ್ತಿರ ನಿಂತಿದ್ದ ನಾನೊಬ್ಬಳೇ ನೋಡಿದೆ. ಆಮೇಲೆ ಸಭಾಂಗಣದ ಹಿಂದೆ ಲಂಟಾನ ಪೊದೆಯಲ್ಲಿ ವಾಂತಿ ಮಾಡಿಕೊಂಡೆ.

ಆ ವಾರವೇ ಯಜಮಾನರು ಬಿಳಿ ಷರ್ಟು ಹಾಕಿಕೊಂಡು ಅವರಮ್ಮನ ಜೊತೆ ಮಾಗಡಿ ಕಡೆ ಹೋಗಿಬಂದರು. ಎರಡನೆಯ ಹೆಂಡತಿ ತರುವುದನ್ನು ತಡೆಯುವ ಕಾನೂನು ಇನ್ನೂ ಬಂದಿರಲಿಲ್ಲ. ಹೆಣ್ಣು ನೋಡಿದ ಸುದ್ದಿಯನ್ನು ನನಗೆ ಹೇಳಿದ್ದು ನೀರು ಹಿಡಿಯುವ ನಲ್ಲಿಯ ಹತ್ತಿರ ಪಕ್ಕದ ಮನೆಯವರು. ನನ್ನನ್ನು ತವರಿಗೆ ಕಳಿಸಿ ಆ ಹುಡುಗಿಯನ್ನು ತರುವುದು ಎಂದು ಒಳಗೊಳಗೇ ತೀರ್ಮಾನವಾಗಿತ್ತು. ಸಾಯುವ ಭಯಕ್ಕಿಂತ ನನಗೆ ಇದರ ಭಯ ದೊಡ್ಡದಾಯಿತು. ಗಂಡ ಬಿಟ್ಟ, ಸುಳ್ಳು ಬಸುರಿ ಎನ್ನಿಸಿಕೊಂಡು ಕೆಂಗೇರಿಯ ಬಸ್ಸಿನಿಂದ ಇಳಿಯುವುದನ್ನು ನೆನೆದು ರಾತ್ರಿಯೆಲ್ಲ ಎದ್ದು ಕೂರುತ್ತಿದ್ದೆ.

ಅಪ್ಪ ಬಂದಿದ್ದು ಆಗ. ಅವರೆಕಾಯಿ ಚೀಲ ಹೊತ್ತು ಬಂದವನು ನನ್ನನ್ನು ನೋಡಿ ಚೀಲ ಇಳಿಸುವುದನ್ನೇ ಮರೆತ. ಅತ್ತೆ ಏನೇನೋ ಹೇಳುತ್ತಿದ್ದರು. ಅಪ್ಪ ಒಂದೇ ಮಾತು ಅಂದ: "ಏಳವ್ವ, ದೊಡ್ಡಾಸ್ಪತ್ರೆಗೆ ಹೋಗವ."

ದೊಡ್ಡಾಸ್ಪತ್ರೆಯ ಉದ್ದನೆಯ ಬೆಂಚಿನ ಮೇಲೆ ನಾವು ನಾಲ್ಕು ಬೆಳಗು ಕೂತೆವು. ಡೆಟ್ಟಾಲಿನ ವಾಸನೆ, ಯಾರದೋ ಮಗುವಿನ ಅಳು, ಹೆಸರು ಕೂಗುವ ಜವಾನ. ಅಪ್ಪ ಅಲ್ಲಿದ್ದವರೆಲ್ಲರ ಊರು ಕೇಳಿ, ಮಳೆ ಬೆಳೆ ಕೇಳಿ, ಮೂರನೆಯ ದಿನಕ್ಕೆ ಜವಾನನ ಮಗಳ ಮದುವೆಗೆ ಗಂಡನ್ನೂ ಸೂಚಿಸಿದ. ನನಗೆ ನಗು ಬಂತು. ಎಷ್ಟೋ ತಿಂಗಳ ಮೇಲೆ ನಕ್ಕಿದ್ದು ಅವತ್ತೇ. ನನ್ನನ್ನು ನೋಡಿದ ಡಾಕ್ಟರು ಸೀಮೆಯಲ್ಲಿ, ಅಂದರೆ ಇಂಗ್ಲೆಂಡಿನಲ್ಲಿ, ಓದಿ ಬಂದವರು, ಇನ್ನೂ ಚಿಕ್ಕ ವಯಸ್ಸು. ಬೇರೆಯವರೆಲ್ಲ ಎಷ್ಟು ಸಲ ಹೊಟ್ಟೆ ಕೆಡುತ್ತದೆ ಎಂದು ಕೇಳಿದ್ದರು. ಇವರು, "ಮದುವೆಗೆ ಮುಂಚೆ ಏನು ತಿಂತಿದ್ರಿ, ಆಮೇಲೆ ಏನು ತಿಂತಿದೀರಿ?" ಎಂದು ಕೇಳಿದರು. ಅಪ್ಪ ನನಗಿಂತ ಮೊದಲು ಉತ್ತರ ಕೊಟ್ಟ. ಡಾಕ್ಟರು ಪೆನ್ನು ಕೆಳಗಿಟ್ಟು, "ಮಕ್ಕಳಲ್ಲಿ ನೋಡಿದೀನಿ, ದೊಡ್ಡವರಲ್ಲಿ ನೀವು ಎರಡನೆಯವರು. ಗೋಧಿಯಲ್ಲಿರೋ ಅಂಟು ನಿಮ್ಮ ಕರುಳಿಗೆ ವಿಷ. ರಾಗಿ ತಿನ್ನಿ, ಅನ್ನ ತಿನ್ನಿ. ಗೋಧಿ ಒಂದು ಚೂರೂ ಬೇಡ, ಬದುಕಿರೋವರೆಗೂ" ಅಂದರು.

ಅಪ್ಪನ ಕಣ್ಣಲ್ಲಿ ನೀರು ಬಂತು. "ಔಸ್ದಿ ನಮ್ಮ ಹೊಲದಲ್ಲೇ ಐತಲ್ಲ ಸೋಮಿ" ಅಂದ.

ತವರಿನಲ್ಲಿ ಒಂದು ತಿಂಗಳು ಮುದ್ದೆ, ಉಪ್ಪುಸಾರು ತಿಂದೆ. ಎಂಟನೆಯ ದಿನಕ್ಕೆ ಭೇದಿ ನಿಂತಿತು. ಕೆನ್ನೆಯಲ್ಲಿ ಮಾಂಸ ಬಂತು. ಡಾಕ್ಟರು ಬರೆದುಕೊಟ್ಟ ಚೀಟಿಯನ್ನೂ ಒಂದು ಡಬ್ಬ ರಾಗಿ ಹಿಟ್ಟನ್ನೂ ಹಿಡಿದು ರಾಜಾಜಿನಗರಕ್ಕೆ ವಾಪಸು ಬಂದೆ. ಮಾಗಡಿಯ ಮಾತು ಅಷ್ಟರಲ್ಲಿ ಇನ್ನೂ ಕುದುರಿರಲಿಲ್ಲ. ಇಂಗ್ಲಿಷಿನ ಚೀಟಿಯನ್ನು ಯಜಮಾನರು ಓದಿ, "ಬರೆದಿರೋದೇನೋ ಹಾಗೇ ಇದೆ" ಎಂದು ಅದನ್ನು ಮಡಿಸಿ ಟೇಬಲ್ಲಿನ ಮೇಲಿಟ್ಟು, ಎದ್ದು ಹೋದರು. ಅತ್ತೆ, "ಮುದ್ದೆ ಚಪಲಕ್ಕೆ ಅಪ್ಪ ಮಗಳು ಸೇರ್ಕೊಂಡು ಡಾಕ್ಟ್ರ ಕೈಲಿ ಬರೆಸ್ಕೊಂಡ್ ಬಂದವ್ರೆ" ಅಂದರು. ಮುದ್ದೆ ಬೇಕಾದರೆ ಹಿತ್ತಿಲಲ್ಲಿ ಮೂರು ಕಲ್ಲಿಟ್ಟು ಮಾಡಿಕೊ, ಬೀದಿಯವರ ಕಣ್ಣಿಗೆ ಬೀಳಬೇಡ ಎಂದು ಅಪ್ಪಣೆಯಾಯಿತು. ಅದಕ್ಕೂ ಒಪ್ಪಿದೆ.

ಎರಡು ವಾರ ಚೆನ್ನಾಗಿದ್ದವಳಿಗೆ ಇದ್ದಕ್ಕಿದ್ದಂತೆ ಮತ್ತೆ ಶುರುವಾಯಿತು. ವಾಂತಿ, ಭೇದಿ, ಹಾಸಿಗೆಯಿಂದ ಏಳಲಾರದ ಸುಸ್ತು. ಡಾಕ್ಟರು ಹೇಳಿದ್ದು ಸುಳ್ಳಾಯಿತೇ ಎಂದು ಎದೆ ಒಡೆಯಿತು. ಒಂದು ದಿನ ಹೇಗೋ ಎದ್ದು ಮುದ್ದೆ ತಿರುವುವಾಗ ಹಿಟ್ಟು ಕೋಲಿಗೆ ಎಳೆಎಳೆಯಾಗಿ ಅಂಟಿ ಜಗ್ಗಿತು. ರಾಗಿ ಹಾಗೆ ಜಗ್ಗುವುದಿಲ್ಲ. ರಾಗಿ ಬೆಳೆದವನ ಮಗಳಿಗೆ ಅಷ್ಟೂ ತಿಳಿಯುವುದಿಲ್ಲವೇ? ಡಬ್ಬದ ಹಿಟ್ಟನ್ನು ಬಿಸಿಲಿಗೆ ಹಿಡಿದು ನೋಡಿದೆ, ಬಣ್ಣ ತಿಳಿಯಾಗಿತ್ತು.

ಅತ್ತೆ ಮುಚ್ಚಿಡಲೂ ಇಲ್ಲ. "ಹೌದು, ನಾಕು ಹಿಡಿ ಗೋಧಿ ಹಿಟ್ಟು ಬೆರೆಸಿದ್ದೆ. ಗೊತ್ತಿಲ್ದಂಗೆ ತಿಂದ್ರೆ ಏನೂ ಆಗಲ್ಲ, ನಿನ್ನ ನಾಟಕ ಬಯಲಾಗ್ತದೆ ಅನ್ಕೊಂಡಿದ್ದೆ."

"ಗೊತ್ತಿಲ್ದೇನೇ ತಿಂದೆ ಅತ್ತೆ. ಏನಾಯ್ತು ನೋಡಿದ್ರಲ್ಲ."

"ಅದು ದೃಷ್ಟಿ" ಅಂದು ಒಳಗೆ ಹೋದರು.

ಅವತ್ತಿನವರೆಗೆ ನನಗೆ ದುಃಖವಿತ್ತು. ಅವತ್ತು ಅದು ಹೋಗಿ ದ್ವೇಷ ಬಂದು ಕೂತಿತು. ಡಬ್ಬವನ್ನು ಚರಂಡಿಗೆ ಸುರಿದೆ. ಅಪ್ಪ ತಂದುಕೊಟ್ಟ ಹೊಸ ಹಿಟ್ಟನ್ನು ನನ್ನ ಟ್ರಂಕಿನಲ್ಲಿಟ್ಟು ಬೀಗ ಹಾಕಿ ಬೀಗದ ಕೈಯನ್ನು ತಾಳಿಗೆ ಕಟ್ಟಿಕೊಂಡೆ. ಈ ಹೆಂಗಸಿನ ಕೈಯಲ್ಲೇ ಮುದ್ದೆ ಮಾಡಿಸಿ, ಇವರು ಅಂಜುವ ಅದೇ ಬೀದಿಯವರ ಮುಂದೆ ಬಡಿಸಿಕೊಂಡು ತಿನ್ನುತ್ತೇನೆ ಎಂದು ಮನಸ್ಸಿನಲ್ಲೇ ಆಣೆ ಇಟ್ಟೆ. ಹೇಗೆ ಎಂಬುದು ಮಾತ್ರ ಗೊತ್ತಿರಲಿಲ್ಲ.

ಅದನ್ನು ದೇವರು ತೋರಿಸಿದ್ದು ದೊಡ್ಡಾಸ್ಪತ್ರೆಯ ಬೆಂಚಿನ ಮೇಲೆ. ಡಾಕ್ಟರಿಗೆ ಮತ್ತೆ ತೋರಿಸಲು ಹೋಗಿದ್ದೆ. ಬೆಂಚಿನ ತುದಿಯಲ್ಲಿ ಸೆರಗನ್ನು ಹಣೆಯವರೆಗೆ ಎಳೆದುಕೊಂಡ ಒಬ್ಬರು ಕೂತಿದ್ದರು. ಮಣಿಕಟ್ಟು ನನ್ನದರಷ್ಟೇ ಸಣ್ಣ, ಸೀರೆಯ ಕೆಳಗೆ ಹೊಟ್ಟೆ ನನ್ನದರಷ್ಟೇ ದಪ್ಪ. ನಮ್ಮ ಜಾತಿಯವರನ್ನು ಗುರುತಿಸುವುದು ನನಗೆ ಆಗಲೇ ಬಂದಿತ್ತು. ಗೋಧಿ ಒಗ್ಗದವರ ಜಾತಿ. ಪಕ್ಕ ಹೋಗಿ ಕೂತು ಮುಖ ನೋಡಿದೆ. ಭಾಷಣದಮ್ಮ!

"ಅಮ್ಮಾವ್ರೇ, ನಿಮಗೂ ಗೋಧಿನಾ?" ಅಂದೆ.

ಅವರು ಬೆಚ್ಚಿ ಸುತ್ತ ನೋಡಿದರು. "ಮೆಲ್ಲಗೆ ಮಾತಾಡಮ್ಮ. ಯಾರು ನೀನು?"

"ರಾಜಾಜಿನಗರದೋಳು. ನಾಲಿಗೆ ಚಪಲದ ಹಠಮಾರಿ. ಬಾಯಿಗೆ ಚಪಾತಿ ಇಟ್ಟಿದ್ರಲ್ಲ."

ಗುರುತು ಸಿಕ್ಕಿತು. ಮುಖ ಬಿಳಿಚಿಕೊಂಡಿತು. ನಾನು ಒಂದೇ ಪ್ರಶ್ನೆ ಕೇಳಿದೆ. "ಅವತ್ತೇ ನಿಮಗೆ ಗೊತ್ತಿತ್ತಾ?"

ಅವರು ಸೆರಗನ್ನು ಇನ್ನಷ್ಟು ಕೆಳಗೆಳೆದುಕೊಂಡರು. ಆಮೇಲೆ, "ಹಿಂದಿನ ವಾರ ತಾನೇ ಡಾಕ್ಟರು ಹೇಳಿದ್ದರು. ಆದರೆ ನನ್ನ ಕಷ್ಟ ಕೇಳು. ಊರಿಗೆಲ್ಲ ಗೋಧಿ ತಿನ್ನಿ ಅಂತ ಹೇಳೋಳು ನಾನು. ನನಗೇ ಆಗೋದಿಲ್ಲ ಅಂದರೆ ಜನ ನಗೋದಿಲ್ಲವೇ? ಈ ವಿಷಯ ಇಲ್ಲೇ ಇರಲಿ, ನಿನ್ನ ಕೈ ಹಿಡ್ಕೋತೀನಿ" ಎಂದು ನಿಜವಾಗಿಯೂ ನನ್ನ ಕೈ ಹಿಡಿದರು.

ಆ ಕೈಯಲ್ಲಿ ಬರೀ ಎಲುಬಿತ್ತು. ಒಂದು ಗಳಿಗೆ ಅಯ್ಯೋ ಅನ್ನಿಸಿತು. ಅನ್ನಿಸಿದ್ದನ್ನು ತಕ್ಷಣ ಹಿಂದಕ್ಕೆ ತಳ್ಳಿದೆ. "ಭಾನುವಾರ ಮಧ್ಯಾಹ್ನ ನಮ್ಮನೆಗೆ ಊಟಕ್ಕೆ ಬರಬೇಕು. ಬಂದು ನಿಮಗೆ ಏನು ಆಗತ್ತೆ, ಏನು ಆಗೋದಿಲ್ಲ, ನಮ್ಮತ್ತೆ ಮುಂದೆ ಹೇಳ್ಬೇಕು. ಬರದಿದ್ರೆ ನಿಮ್ಮ ಮುಂದಿನ ಸಭೆಗೆ ನಾನು ಬರ್ತೀನಿ. ಮೈಕಿನ ಮುಂದೆ ನಿಲ್ಲೋದು ನೀವೇ ಕಲಿಸಿದೀರಿ" ಅಂದೆ.

ಭಾಷಣದಮ್ಮ ಊಟಕ್ಕೆ ಬರುತ್ತಾರೆಂದು ಕೇಳಿ ಅತ್ತೆ ಮೂರು ದಿನ ನಿದ್ದೆ ಮಾಡಲಿಲ್ಲ. ಬೀದಿಯ ಹೆಂಗಸರಿಗೆಲ್ಲ ಹೇಳಿಬಂದರು. ಪೂರಿ, ಗೋಧಿ ಹಲ್ವ, ಶ್ಯಾವಿಗೆ ಪಾಯಸ, ಚಿರೋಟಿ. ಗೋಧಿಯಲ್ಲಿ ಏನೇನು ಮಾಡಬಹುದೋ ಅಷ್ಟೂ ಮಾಡಿದರು. ನಾನು ಮಾತಿಲ್ಲದೆ ಎಲೆ ಒರೆಸಿಕೊಟ್ಟೆ. ಭಾನುವಾರ ಮಧ್ಯಾಹ್ನ ಕಾರು ಬಂತು. ಕಿಟಕಿಯಲ್ಲಿ, ಜಗುಲಿಯಲ್ಲಿ, ಬಾಗಿಲಲ್ಲಿ ಹೆಂಗಸರು ತುಂಬಿದರು. ಯಜಮಾನರು ಬಿಳಿ ಷರ್ಟಿನಲ್ಲಿ ಕೈಕಟ್ಟಿ ನಿಂತಿದ್ದರು. ಎಲೆಯ ಮುಂದೆ ಕೂತ ಅಮ್ಮಾವ್ರಿಗೆ ಅತ್ತೆ ಮೊದಲ ಪೂರಿ ಬಡಿಸಲು ಬಗ್ಗಿದಾಗ, ಅವರು ಎಲೆಗೆ ಅಡ್ಡ ಕೈ ಹಿಡಿದರು.

"ನನಗೆ ಗೋಧಿ ಆಗೋದಿಲ್ಲಮ್ಮ. ತಿಂದರೆ ನಿಮ್ಮ ಸೊಸೆಗೆ ಆದ ಹಾಗೇ ನನಗೂ ಆಗತ್ತೆ. ಇಬ್ಬರಿಗೂ ಒಬ್ಬರೇ ಡಾಕ್ಟರು. ಮುದ್ದೆ ಇದ್ದರೆ ಹಾಕಿ, ಇಲ್ಲದಿದ್ದರೆ ಬರೀ ಮಜ್ಜಿಗೆ ಕೊಡಿ." ಆಮೇಲೆ ನನ್ನ ಕಡೆ ನೋಡಿ, ಯಾರೂ ಹೇಳಿಕೊಡದ ಒಂದು ಮಾತು ಸೇರಿಸಿದರು. "ಅವತ್ತು ಇವಳ ಬಾಯಿಗೆ ಚಪಾತಿ ಇಟ್ಟೆನಲ್ಲ, ಅದು ಪಾಪದ ಕೆಲಸ."

ಅತ್ತೆಯ ಕೈಯಲ್ಲಿ ಪೂರಿ ಹಾಗೇ ನಿಂತಿತು. ನಾನು ತಾಳಿಯಿಂದ ಬೀಗದ ಕೈ ಬಿಚ್ಚಿ, ಟ್ರಂಕು ತೆಗೆದು, ಹಿಟ್ಟಿನ ಚೀಲವನ್ನು ಅತ್ತೆಯ ಮುಂದಿಟ್ಟೆ. "ಮಾಡಿ ಅತ್ತೆ. ಹಿತ್ತಿಲಲ್ಲಲ್ಲ, ಒಳಗಿನ ಒಲೆ ಮೇಲೆ" ಎಂದು ಹೇಳಿ, ಅಮ್ಮಾವ್ರ ಪಕ್ಕದ ಎಲೆಗೆ ಹೋಗಿ ಕೂತೆ. ಬೀದಿಯ ಹೆಂಗಸರೆಲ್ಲ ನೋಡುತ್ತಿದ್ದಂತೆ ಅತ್ತೆ ಬೆವರು ಒರೆಸಿಕೊಳ್ಳುತ್ತ ಮುದ್ದೆ ತಿರುವಿ, ಕಟ್ಟಿ, ಮೊದಲು ಅವರಿಗೆ, ಆಮೇಲೆ ನನಗೆ ಬಡಿಸಿದರು. ಅಷ್ಟು ರುಚಿಯಾದ ಮುದ್ದೆಯನ್ನು ನಾನು ಅಲ್ಲಿಯವರೆಗೆ ತಿಂದಿರಲಿಲ್ಲ.

ಕಾರು ಹೋದ ಮೇಲೆ ಅತ್ತೆ ಕಂಬಕ್ಕೆ ಒರಗಿ ಕೂತು ಕಣ್ಣೊರೆಸಿಕೊಂಡರು. "ಪಾಪ, ಅಂಥ ದೊಡ್ಡೋರಿಗೂ ಎಂಥ ಕಾಯ್ಲೆ. ನೀನಾದ್ರೂ ಮೊದ್ಲೇ ಬಿಡಿಸಿ ಹೇಳ್ಬಾರ್ದಾಗಿತ್ತೇನೇ?"

ನನ್ನ ಮೈ ಉರಿದುಹೋಯಿತು. ನಾನು ಸಾಯುತ್ತಿದ್ದಾಗ ನಾಟಕವಾಗಿದ್ದದ್ದು ಅಮ್ಮಾವ್ರಿಗೆ ಬಂದಾಗ ಕಾಯಿಲೆಯಾಯಿತು. ನನ್ನ ಹೊಟ್ಟೆ ಸಾಕ್ಷಿಯಲ್ಲ, ಡಾಕ್ಟರ ಚೀಟಿ ಸಾಕ್ಷಿಯಲ್ಲ, ಪತ್ರಿಕೆಯಲ್ಲಿ ಫೋಟೋ ಬಂದವರ ಬಾಯಿಂದಲೇ ಬರಬೇಕಿತ್ತು. ಗೆದ್ದೆನೆಂದುಕೊಂಡಿದ್ದ ನನಗೆ ಗೆದ್ದದ್ದು ನಾನಲ್ಲ ಎಂದು ಆಗ ತಿಳಿಯಿತು. ಅವತ್ತೇ ಸಂಜೆ ಸೀರೆಗಳನ್ನು ಗಂಟು ಕಟ್ಟಿಕೊಂಡು ನಾನಾಗಿ ಕೆಂಗೇರಿಯ ಬಸ್ಸು ಹತ್ತಿದೆ.

ಯಜಮಾನರು ನಾಲ್ಕು ಸಲ ಕರೆಯಲು ಬಂದರು. ಮೂರು ಸಲ ನಾನು ಒಳಗಿಂದ ಹೊರಗೇ ಬರಲಿಲ್ಲ, ಜಗುಲಿಯಲ್ಲಿ ಕಾದು ಹೋದರು. ನಾಲ್ಕನೆಯ ಸಲ ಬಾಗಿಲಲ್ಲಿ ನಿಂತು, "ಮಾಗಡಿ ಹುಡುಗಿ ಚೆನ್ನಾಗಿದ್ಲಾ?" ಎಂದು ಕೇಳಿದೆ. ಅವರು ತಲೆ ಎತ್ತಲಿಲ್ಲ. "ತಪ್ಪಾಯ್ತು" ಅಂದರು. "ಆ ಮಾತು ಇನ್ನು ಆ ಮನೇಲಿ ಎತ್ತಕೂಡದು. ದಿನಾ ಸಂಜೆ ನನ್ನ ಮುದ್ದೆ ನಿಮ್ಮಮ್ಮನೇ ಮಾಡ್ಬೇಕು. ಒಪ್ಪಿದ್ರೆ ಬರ್ತೀನಿ" ಅಂದೆ. ಒಪ್ಪಿದರು. ಅತ್ತೆಯೂ ಒಪ್ಪಿದರು.

ಮೂರು ವರ್ಷದ ಮೇಲೆ ನನಗೆ ಮಗಳು ಹುಟ್ಟಿದಳು. ಅತ್ತೆ ಆಮೇಲೆ ಬಹಳ ವರ್ಷ ಬದುಕಿದ್ದರು, ಒಂದು ಸಂಜೆಯೂ ತಪ್ಪಿಸಲಿಲ್ಲ. ಅವರ ಮೇಲಿನ ಸಿಟ್ಟು ಕರಗಿತು ಎಂದು ಬರೆದರೆ ಓದುವವರಿಗೆ ಹಿತವಾಗಬಹುದು, ಆದರೆ ಅದು ಸುಳ್ಳು. ಅವರ ಕೀಲುಗಳು ಊದಿಕೊಂಡ ಕಾಲಕ್ಕೆ ಒಂದು ದಿನ ಒಲೆಯ ಮುಂದೆ ಕೋಲು ಹಿಡಿದು ನಿಂತು, "ಕೈ ಬಿದ್ದೋಗ್ತದೆ ಕಣೇ ಜಯಾ, ಇವತ್ತೊಂದಿನ ನೀನು ತಿರುವೇ" ಅಂದರು. ಕಣ್ಣಲ್ಲಿ ನೀರಿತ್ತು. ನನಗದು ಕಾಣಿಸುತ್ತಿತ್ತು. ಕೈ ನನ್ನವು ಗಟ್ಟಿಯಾಗಿದ್ದವು, ಮಡಿಲಲ್ಲಿ ಸುಮ್ಮನಿದ್ದವು.

"ಇನ್ನೂ ಬೆಂದಿಲ್ಲ ಅತ್ತೆ, ತಿರುವಿ" ಅಂದೆ.